ನೂರ ನಲವತ್ತೊಂಬತ್ತು

ಮೊದಲು ಏನೂ ಇಲ್ಲದ್ದನ್ನು ಪರೀಕ್ಷಿಸಬೇಕು.
ಕಳಲೆ ಉಪ್ಪಿನಕಾಯಿ ಆಮೇಲೆ, ಅದರ ಎಣ್ಣೆ ಆಮೇಲೆ,
ಮೊದಲು ಖಾಲಿ ಸೀಸೆ, ಒಳಗೆ ಬರೀ ಹೆಕ್ಸೇನ್,
ಅದರೊಳಗೆ, ದೇವರು ದೊಡ್ಡವನು, ಏನೂ ಇರಬಾರದು.

ಇತ್ತು.

ಗೋಪಾಳದ ಈ ಎರಡನೇ ಮಹಡಿಯಲ್ಲಿ
ಹದಿನೇಳನೇ ನಿಮಿಷದ ಹತ್ತಿರ
ತೆರೆಯ ಮೇಲೆ ಗೆರೆ ನೆಟ್ಟಗೆ ಎದ್ದಿತು,
ಹಾಜರಿ ಕೂಗಿದಾಗ ಹಿಂದಿನ ಬೆಂಚಿನವನು
ನಿಂತ ಹಾಗೆ. ನೂರ ನಲವತ್ತೊಂಬತ್ತು.
ಥ್ಯಾಲೇಟು ಒಡೆದಲ್ಲೆಲ್ಲ ಈ ತೂಕದ ಚೂರು ಬಿದ್ದಿರುತ್ತದೆ,
ಓಡಿದ ಕಳ್ಳನ ಒಂಟಿ ಚಪ್ಪಲಿ.

ಹುಚ್ಚರಾಯಪ್ಪ ಗಾಜು ತೊಳೆಯುವವನು.
ಇಪ್ಪತ್ತೆರಡು ವರ್ಷ ತೊಳೆದು ಬೆರಳ ಗೆರೆಗಳೇ ಅಳಿಸಿವೆ,
ಪಡಿತರದ ಯಂತ್ರ ಅವನನ್ನು ಅವನೆಂದು ಒಪ್ಪುವುದಿಲ್ಲ.
"ನಾಕು ನೂರು ಡಿಗ್ರೀಲಿ ಸುಟ್ಟೀನಿ ಮೇಡಂ,
ಇನ್ನೇನು, ಸೀಸೇನೇ ಕರಗಿಸ್ಲಾ?"

ಹುಡುಕಿದೆವು.
ಕೈಗವಸು ಬಿಚ್ಚಿದೆವು. ಮುಚ್ಚಳದಡಿಗೆ ಅಲ್ಯೂಮಿನಿಯಂ ಹಾಳೆ.
ಕೊರಳ ಗುರುತಿನ ಚೀಟಿಗಳು ಹೊರಗೆ, ಮೊಳೆಗೆ.
ಶಬೀನಾ ಕೈಗೆ ಹಚ್ಚುವ ಕ್ರೀಮು ಬಿಟ್ಟಳು, ಮುನಿಸಿಕೊಂಡೇ.
ಕೊನೆಗೆ ಕಾಲ ಕೆಳಗೆ ನೋಡಿದೆವು:
ತಪಾಸಣೆಗೆ ಬರಲಿದ್ದ ಸಾಹೇಬರಿಗೆಂದು ಹಾಸಿದ್ದ
ಮರದ ಗೆರೆ ಅಚ್ಚೊತ್ತಿದ ವಿನೈಲ್ ಹಾಸು.
ಸಾಹೇಬರು ಬರಲಿಲ್ಲ.
ಹಾಸು ಮಾತ್ರ ಹಗಲಿರುಳು
ತನ್ನನ್ನು ಗಾಳಿಗೆ ಬಿಟ್ಟುಕೊಡುತ್ತಿತ್ತು.

ಇದರ ಗುಣವೇ ಹಾಗೆ.
ಗಡುಸು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಕರೆತಂದದ್ದು;
ಬೆರೆತು ಬಾಳುವುದಿಲ್ಲ, ಬಿಡಾರ ಹೂಡುತ್ತದೆ ಅಷ್ಟೆ,
ಎಣ್ಣೆ ಕಂಡರೆ ಗಂಟುಮೂಟೆ ಕಟ್ಟಿ ಹೊರಡುತ್ತದೆ.

ಹಾಸು ಸುತ್ತಿ ಮೆಟ್ಟಿಲ ಕೆಳಗೆ ತಳ್ಳಿ
ಎರಡು ದಿನ ಕಿಟಕಿ ತೆರೆದಿಟ್ಟೆವು. ಗೆರೆ ಕುಗ್ಗಿತು.
ಮಲಗಿತು ಎನ್ನಲಾರೆ.
ನಮ್ಮ ಪಾಪ ಎಷ್ಟೆಂದು ಬರೆದಿಟ್ಟುಕೊಂಡು
ಅದನ್ನು ಕಳೆದು, ಉಳಿದದ್ದನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕುವುದು.
ಈ ಕೋಣೆಯಲ್ಲಿ ನ್ಯಾಯ ಇಷ್ಟೇ.

ಮಾದರಿ ನಾನೂರ ಹನ್ನೆರಡು: ರಿಪ್ಪನ್‌ಪೇಟೆ ಕಡೆಯ ಹೆಂಗಸರ ಸಂಘದ್ದು.
ಪೊಟ್ಟಣ ಬೇರೆ ನೋಡಿದೆ, ಅದರದೇನೂ ತಪ್ಪಿಲ್ಲ.
ಡ್ರಮ್ಮಿನ ಎಣ್ಣೆ ತರಿಸಿ ನೋಡಿದೆ, ಅದೂ ಸರಿ.
ಉಪ್ಪಿನಕಾಯಿಯಲ್ಲಿ ಮಾತ್ರ ಗೆರೆ ತೆರೆಯ ನೆತ್ತಿ ಮುಟ್ಟಿತ್ತು.

ಬಂಗಾರಮ್ಮನಿಗೆ ಫೋನು ಮಾಡಿದೆ.
"ಡ್ರಮ್ಮಿನಿಂದ ಎಣ್ಣೆ ಹೇಗೆ ಇಳಿಸ್ತೀರಿ?"
"ಪೈಪಲ್ಲಿ."
"ಎಂಥ ಪೈಪು?"
"ಒಳ್ಳೇದೇ. ಮುಂಚಿಂದು ಗಡಸು, ಮಡಚಿದಲ್ಲೆಲ್ಲ ಸೀಳ್ತಿತ್ತು.
ಇದು ಎಷ್ಟು ಮೆತ್ತಗುಂಟು ಅಂದ್ರೆ, ಕೂಸಿನ ಕಿವಿ ಹಾಂಗೆ.
ನಿಮ್ಮ ಶಿವಮೊಗ್ಗದ್ದೇ ಮಾಲು, ಗಾಂಧಿ ಬಜಾರಿಂದ ತಂದಿದ್ದು."

ವರದಿಯಲ್ಲಿ ನಾಲ್ಕೇ ಕಾಲಂ.
ಮಿತಿಗಿಂತ ಹೆಚ್ಚು, ಎಂದು ಬೆರಳಚ್ಚಿಸಿದೆ.
ಕೆಳಗೆ ಒಂದು ಸಾಲು ಸೇರಿಸುವ ಆಸೆ:
ಪೈಪು ಬಿಸಾಡಿ, ಸ್ಟೀಲಿನ ಉದ್ದ ಸೌಟು ಸಾಕು,
ಮುನ್ನೂರು ಪೊಟ್ಟಣ ಹೋದರೆ ಹೋಗಲಿ, ಕೈ ಕೆಟ್ಟದ್ದಲ್ಲ ನಿಮ್ಮದು.
ಸೇರಿಸಲಿಲ್ಲ.
ಮೆತ್ತಗಾಗಲೆಂದು ಸೇರಿಸಿದ್ದು
ಎಲ್ಲಿ ಸೋರುತ್ತದೋ ಯಾರಿಗೆ ಗೊತ್ತು.
ಬಾಯಲ್ಲಿ ಹೇಳಿದೆ, ಅಷ್ಟೇ.

ಆಕೆ ದುಡ್ಡಿನ ಮಾತೆತ್ತಲಿಲ್ಲ.
"ನಾವೂ ಅದನ್ನೇ ಉಂಡಿದ್ದಲ್ಲನ ತಂಗಿ, ಮಕ್ಕಳೂ?
ನಮ್ಮಲ್ಲಿ ಎಷ್ಟುಂಟು ಅಂತ ನೋಡ್ಲಿಕ್ಕೆ ಬರ್ತದಾ?"

ನೋಡಬಹುದು.
ಆದರೆ ಯಾರ ರಕ್ತವನ್ನು ಖಾಲಿ ಎಂದು ಮೊದಲು ಇಡಲಿ,
ಯಾರದನ್ನು ಕಳೆಯಲಿ?
ನನ್ನದನ್ನೇ?

ಸಂಜೆ ಇನ್ನೊಂದು ಖಾಲಿ ಸೀಸೆ ಹಚ್ಚಿದೆ.
ಹುಚ್ಚರಾಯಪ್ಪ ಕೈ ಒರೆಸಿಕೊಂಡು ಬಂದು ಹಿಂದೆ ನಿಂತ,
ಶಬೀನಾ ಸ್ಕೂಟಿಯ ಬೀಗ ಹಿಡಿದೇ.
ಹದಿನಾರು ಮುಗಿಯಿತು.
ಮೂವರೂ ಮಾತು ನಿಲ್ಲಿಸಿದೆವು.